ತಂಗಿ ಹೋಗುವ ಹಕ್ಕಿಗಳು: ವಸಂತದ ವಲಸೆ ಮತ್ತು ಕೊಡಗಿನ ಗದ್ದೆ, ಕೆರೆ, ಹೊಳೆದಂಡೆಗಳು

ಕೊಡಗಿಗೆ ಹಕ್ಕಿ ನೋಡಲು ಬರುವವರೂ, ಇಲ್ಲಿಯೇ ಹುಟ್ಟಿ ಬೆಳೆದು ಈಚೆಗೆ ಬೈನಾಕ್ಯುಲರ್ ಕೊಂಡವರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ವಲಸೆ ಹಕ್ಕಿಗಳು ಬರುವ ಕೆರೆ ಇಲ್ಲಿ ಯಾವುದು? ಇದೇ ಕಾವೇರಿಯ ಕೆಳಹರಿವಿನಲ್ಲಿ, ಶ್ರೀರಂಗಪಟ್ಟಣದ ಬಳಿ ರಂಗನತಿಟ್ಟು ಇದೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ಅಂಥ ಒಂದು ಹೆಸರನ್ನು ಕೊಡಗಿನಲ್ಲಿ ಬೆರಳಿಟ್ಟು ತೋರಿಸುವುದು ಕಷ್ಟ. ಹಾಗಾಗಿ ಈ ಜಿಲ್ಲೆಯನ್ನು ಮಲೆಕಾಡಿನ ಹಕ್ಕಿಗಳ ನೆಲೆಯೆಂದು ಮಾತ್ರ ಎಣಿಸಿ, ನೀರಹಕ್ಕಿಗಳ ಲೆಕ್ಕದಿಂದ ಕೈಬಿಡುವ ರೂಢಿ ಬೆಳೆದುಬಂದಿದೆ. ಆ ರೂಢಿ ಸರಿಯಲ್ಲ. ಕೊಡಗಿನ ಜೌಗುನೆಲ ಒಂದೆಡೆ ಕೂಡಿಕೊಂಡಿಲ್ಲ, ಹರಡಿಕೊಂಡಿದೆ. ಭತ್ತದ ಗದ್ದೆ, ಕಾಫಿ ತೋಟದ ಕೆರೆ, ಹೊಳೆಯ ನಡುವಿನ ಬಂಡೆ, ಅಣೆಕಟ್ಟಿನ ಹಿನ್ನೀರಿನ ಅಂಚು, ಕಾಡಿನೊಳಗಿನ ಹಡ್ಲು ಎಂಬ ಜೌಗು ಹುಲ್ಲುಬಯಲು, ಇವೆಲ್ಲವೂ ಜೌಗುನೆಲಗಳೇ. ಫೆಬ್ರವರಿಯ ಕೊನೆಯಿಂದ ಮೇ ತಿಂಗಳ ಮೊದಲ ದಿನಗಳವರೆಗೆ ಉತ್ತರಕ್ಕೆ ಮರಳುವ ಹಕ್ಕಿಗಳು ಇಂಥ ಕಡೆಗಳಲ್ಲಿ ಒಂದೊಂದಾಗಿ, ನಾಲ್ಕಾರಾಗಿ ಇಳಿದು, ಕೆಲವು ದಿನ ಮೇದು, ಮುಂದಕ್ಕೆ ಹೋಗುತ್ತವೆ.

ಹಕ್ಕಿಗಳ ವಲಸೆಯ ಹಾದಿಗಳನ್ನು ಜಗತ್ತಿನಾದ್ಯಂತ ಕೆಲವು ದೊಡ್ಡ ಹಾರುದಾರಿಗಳಾಗಿ ವಿಂಗಡಿಸುತ್ತಾರೆ. ನಾವಿರುವುದು ಮಧ್ಯ ಏಷ್ಯಾದ ಹಾರುದಾರಿಯಲ್ಲಿ. ಆರ್ಕ್ಟಿಕ್ ಸಾಗರದ ಅಂಚಿನಿಂದ ಹಿಂದೂ ಮಹಾಸಾಗರದವರೆಗೆ ಚಾಚಿರುವ ಈ ಹಾರುದಾರಿಯೊಳಗೆ 30 ದೇಶಗಳು ಬರುತ್ತವೆ. ಸೈಬೀರಿಯ, ಮಂಗೋಲಿಯ, ಕಝಾಕಿಸ್ತಾನ, ಟಿಬೆಟ್ಟಿನ ಪ್ರಸ್ಥಭೂಮಿ, ಹಿಮಾಲಯದ ಕಣಿವೆಗಳು ಇದರ ಉತ್ತರದ ಭಾಗವಾದರೆ, ದಕ್ಷಿಣ ಭಾರತ ಮತ್ತು ಶ್ರೀಲಂಕಾ ಅದರ ದಕ್ಷಿಣದ ತುದಿ. ವಲಸೆ ಪ್ರಾಣಿಗಳ ರಕ್ಷಣೆಗಾಗಿ 1979ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1983ರಲ್ಲಿ ಸೇರಿತು. ಆ ಒಪ್ಪಂದದ 13ನೆಯ ಸಮಾವೇಶ 2020ರ ಫೆಬ್ರವರಿಯಲ್ಲಿ ಗಾಂಧಿನಗರದಲ್ಲಿ ನಡೆಯಿತು. ನಾಪೋಕ್ಲಿನ ಒಂದು ಗದ್ದೆಯಂಚಿನಲ್ಲಿ ನಿಂತ ಹಕ್ಕಿಯ ಯೋಗಕ್ಷೇಮ ಇಷ್ಟೊಂದು ದೇಶಗಳ ನೆಲ ನೀರಿನೊಡನೆ ತಳಕು ಹಾಕಿಕೊಂಡಿದೆ ಎಂಬುದನ್ನು ನೆನಪಿಡಲು ಈ ವಿವರ ಸಾಕು.

ಶರತ್ಕಾಲದ ಬರುವಿಕೆಗೂ ವಸಂತದ ಮರಳುವಿಕೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಆಗಸ್ಟ್ ಕೊನೆಯಿಂದ ನವೆಂಬರಿನವರೆಗೆ ದಕ್ಷಿಣಕ್ಕೆ ಬರುವ ಹಕ್ಕಿಗಳಲ್ಲಿ ಅದೇ ವರ್ಷ ಹುಟ್ಟಿದ ಮರಿಗಳೂ ಇರುತ್ತವೆ. ಅವು ತಡೆದು ತಡೆದು, ಅಲ್ಲಲ್ಲಿ ಉಳಿದು ಬರುತ್ತವೆ. ವಸಂತದಲ್ಲಿ ಹಾಗಲ್ಲ. ಉತ್ತರದ ಬೇಸಿಗೆ ಚಿಕ್ಕದು; ಹಿಮ ಕರಗಿದ ಮೇಲೆ ಕೀಟಗಳು ತುಂಬಿರುವ ವಾರಗಳು ಇನ್ನೂ ಕಡಿಮೆ. ಮೊದಲು ತಲುಪಿದ ಗಂಡಿಗೆ ಒಳ್ಳೆಯ ನೆಲೆ ಸಿಗುತ್ತದೆ, ತಡವಾದುದಕ್ಕೆ ಗೂಡು ಕಟ್ಟುವ ಅವಕಾಶವೇ ತಪ್ಪಬಹುದು. ಆದ್ದರಿಂದ ವಸಂತದ ಪಯಣ ಅವಸರದ ಪಯಣ. ದಾರಿಯಲ್ಲಿ ಸಿಗುವ ಪ್ರತಿಯೊಂದು ತಂಗುದಾಣದಲ್ಲೂ ಹಕ್ಕಿ ಕಡಿಮೆ ದಿನದಲ್ಲಿ ಹೆಚ್ಚು ತಿನ್ನಬೇಕಾಗುತ್ತದೆ. ಅಲ್ಲಿ ಆಹಾರ ಸಿಗದಿದ್ದರೆ ಆಗುವ ನಷ್ಟ ಅಂದಿಗೇ ಮುಗಿಯುವುದಿಲ್ಲ, ಆ ವರ್ಷದ ಮೊಟ್ಟೆ ಮರಿಗಳವರೆಗೂ ಅದರ ಪರಿಣಾಮ ಹೋಗುತ್ತದೆ.

ಹೊರಡುವ ಹೊತ್ತು ಬಂತೆಂದು ಹಕ್ಕಿಗೆ ತಿಳಿಯುವುದು ಹೇಗೆ? ಹಗಲಿನ ಉದ್ದ ಅದಕ್ಕೆ ದೊರೆಯುವ ಮುಖ್ಯ ಸೂಚನೆ. ಕೊಡಗಿನ ಅಕ್ಷಾಂಶದಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಗಿಂತ ಕಡಿಮೆ. ನಾವು ಅದನ್ನು ಗಮನಿಸುವುದೇ ಅಪರೂಪ. ಹಕ್ಕಿಯ ಮೆದುಳು ಈ ಸಣ್ಣ ಬದಲಾವಣೆಯನ್ನೂ ಗುರುತಿಸುತ್ತದೆ. ಜೊತೆಗೆ, ವರ್ಷದ ಸುತ್ತನ್ನು ಒಳಗಿನಿಂದಲೇ ಅಳೆಯುವ ಜೈವಿಕ ಗಡಿಯಾರವೂ ಅದಕ್ಕಿದೆ. ಇವೆರಡೂ ಕೂಡಿ ದೇಹದಲ್ಲಿ ಹಾರ್ಮೋನುಗಳ ಪ್ರಮಾಣವನ್ನು ಬದಲಿಸುತ್ತವೆ; ಹಸಿವು ಹೆಚ್ಚುತ್ತದೆ, ಕೊಬ್ಬು ಕೂಡುತ್ತದೆ, ರಾತ್ರಿಯಲ್ಲಿ ಚಡಪಡಿಕೆ ಶುರುವಾಗುತ್ತದೆ. ಪಂಜರದಲ್ಲಿರುವ ವಲಸೆ ಹಕ್ಕಿ ಕೂಡ ಈ ದಿನಗಳಲ್ಲಿ ತಾನು ಹೋಗಬೇಕಾದ ದಿಕ್ಕಿಗೆ ಮುಖಮಾಡಿ ರೆಕ್ಕೆ ಬಡಿಯುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ದಾರಿ ಕಂಡುಕೊಳ್ಳಲು ಸೂರ್ಯ, ನಕ್ಷತ್ರಗಳು ಮತ್ತು ಭೂಮಿಯ ಕಾಂತಕ್ಷೇತ್ರ ನೆರವಾಗುತ್ತವೆ.

ಕೊಬ್ಬು ಇಲ್ಲಿ ಇಂಧನ. ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋಕ್ಯಾಲೊರಿ ಶಕ್ತಿ ದೊರೆತರೆ, ಅಷ್ಟೇ ತೂಕದ ಪಿಷ್ಟದಿಂದ ಅಥವಾ ಪ್ರೋಟೀನಿನಿಂದ ದೊರೆಯುವುದು ಸುಮಾರು 4. ಹೊತ್ತೊಯ್ಯುವ ಪ್ರತಿ ಗ್ರಾಮಿಗೂ ಲೆಕ್ಕವಿರುವ ಪಯಣಕ್ಕೆ ಕೊಬ್ಬಿಗಿಂತ ಒಳ್ಳೆಯ ಬುತ್ತಿ ಇಲ್ಲ. ಅದು ಉರಿಯುವಾಗ ನೀರೂ ಹುಟ್ಟುತ್ತದೆ. ದೂರದ ಹಾರಾಟಕ್ಕೆ ಮುಂಚೆ ಕೆಲವು ಸಣ್ಣ ನೀರಂಚಿನ ಹಕ್ಕಿಗಳು ತಮ್ಮ ತೂಕವನ್ನು ಅರ್ಧದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಏರಿಸಿಕೊಳ್ಳುತ್ತವೆ. 2022ರಲ್ಲಿ ಬಾರ್-ಟೇಲ್ಡ್ ಗಾಡ್ವಿಟ್ ಜಾತಿಯ ಒಂದು ಎಳೆಯ ಹಕ್ಕಿ ಅಲಾಸ್ಕದಿಂದ ಟಾಸ್ಮೇನಿಯದವರೆಗೆ 13,560 ಕಿಲೋಮೀಟರುಗಳನ್ನು 11 ದಿನಗಳಲ್ಲಿ ಎಲ್ಲಿಯೂ ಇಳಿಯದೆ ಹಾರಿದ್ದನ್ನು ಉಪಗ್ರಹ ಟ್ಯಾಗ್ ತೋರಿಸಿತು. ಅದು ಸಾಗರದ ಮೇಲಿನ ದಾರಿ, ಇಳಿಯಲು ನೆಲವೇ ಇಲ್ಲದ ದಾರಿ. ನಮ್ಮ ಹಾರುದಾರಿಯ ಹೆಚ್ಚಿನ ಹಕ್ಕಿಗಳು ಅಷ್ಟು ದೂರವನ್ನು ಒಂದೇ ಉಸಿರಿಗೆ ಹಾರುವುದಿಲ್ಲ; ಹಂತಹಂತವಾಗಿ ಸಾಗುತ್ತವೆ, ಹಂತದ ಕೊನೆಯಲ್ಲಿ ಖಾಲಿಯಾದ ಬುತ್ತಿಯನ್ನು ಮತ್ತೆ ಕಟ್ಟಿಕೊಳ್ಳುತ್ತವೆ. ಬೇಸಿಗೆಯಲ್ಲಿ ಜಾತ್ರೆಗೆ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಇರುತ್ತಿದ್ದ ಅರವಟ್ಟಿಗೆಗಳಂತೆ ಈ ತಂಗುದಾಣಗಳು. ಒಂದು ಮುಚ್ಚಿದರೆ ಮುಂದಿನದಕ್ಕೆ ಹೋಗಬಹುದು; ಸಾಲಾಗಿ ಮೂರು ಮುಚ್ಚಿದರೆ ನಡೆಯುವವನ ಗತಿ ಬೇರೆ.

ಕೆಸರಿನ ಲೆಕ್ಕ

ನೀರಿದ್ದಲ್ಲೆಲ್ಲ ನೀರಹಕ್ಕಿ ಇಳಿಯುತ್ತದೆ ಎಂದುಕೊಳ್ಳುವುದು ಸಹಜ. ಆದರೆ ತುಂಬಿ ತುಳುಕುವ ಕೆರೆ ಬಹುಪಾಲು ವಲಸೆ ಹಕ್ಕಿಗಳಿಗೆ ನಿರುಪಯೋಗಿ. ಗದ್ದೆಗೊರವಗಳಂಥ (ಸ್ಯಾಂಡ್‌ಪೈಪರ್) ಸಣ್ಣ ಹಕ್ಕಿಗಳಿಗೆ ಬೇಕಾದುದು ಹಸಿ ಕೆಸರು, ಇಲ್ಲವೇ ನಾಲ್ಕೈದು ಸೆಂಟಿಮೀಟರಿಗಿಂತ ಆಳವಿಲ್ಲದ ನೀರು. ತಲೆಯನ್ನು ಮುಳುಗಿಸಿ ಬಾಲವನ್ನು ಮೇಲೆತ್ತಿ ಮೇಯುವ ಬಿಳಿಹುಬ್ಬಿನ ಬಾತು, ಸೂಜಿಬಾಲದ ಬಾತುಗಳಿಗೆ ಸುಮಾರು ಒಂದು ಅಡಿಯೊಳಗಿನ ನೀರು ಬೇಕು. ಅದಕ್ಕಿಂತ ಆಳದ ನೀರು ಮುಳುಗಿ ಮೀನು ಹಿಡಿಯುವ ನೀರುಕಾಗೆಗಳ ಪಾಲು. ಆದ್ದರಿಂದ ಹಕ್ಕಿ ನೋಡುವವರು ಕೆರೆಯ ವಿಸ್ತಾರಕ್ಕಿಂತ ಅದರ ಅಂಚನ್ನು ಗಮನಿಸಬೇಕು.

ಈ ಕಾರಣದಿಂದಲೇ ಕೊಡಗಿನ ಪೂರ್ವದ ಅಂಚು ವಸಂತದಲ್ಲಿ ಮಹತ್ವ ಪಡೆಯುತ್ತದೆ. ಕಾವೇರಿಯ ಉಪನದಿಗೆ ಕಟ್ಟಿದ ಹಾರಂಗಿ ಜಲಾಶಯದ ಪೂರ್ಣ ಮಟ್ಟ 2,859 ಅಡಿ, ಸಾಮರ್ಥ್ಯ 8.5 ಟಿಎಂಸಿ. ಮಳೆಗಾಲದಲ್ಲಿ ತುಂಬುವ ಈ ಜಲಾಶಯದ ನೀರು ಕಾಲುವೆಗಳಿಗೂ ಕುಡಿಯುವುದಕ್ಕೂ ಹರಿದು, ಬೇಸಿಗೆಯ ಹೊತ್ತಿಗೆ ಬಹಳ ಕೆಳಗಿಳಿದಿರುತ್ತದೆ. ದಂಡೆಯ ಇಳಿಜಾರು ನೂರಕ್ಕೆ ಒಂದರಷ್ಟು ಸಮತಟ್ಟಾಗಿರುವ ಕಡೆ ನೀರು 10 ಸೆಂಟಿಮೀಟರ್ ಇಳಿದರೆ 10 ಮೀಟರ್ ಅಗಲದ ಹೊಸ ಕೆಸರು ತೆರೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನೀರಿನಡಿಯಲ್ಲಿದ್ದ ಆ ಕೆಸರಿನಲ್ಲಿ ಕೆಂಪು ಹುಳುಗಳಂತೆ ಕಾಣುವ ನೊರಜಿನ ಮರಿಗಳು, ಎರೆಹುಳುಗಳು, ಪುಟ್ಟ ಬಸವನಹುಳುಗಳು, ನೀರುಜೀರುಂಡೆಗಳು ಇರುತ್ತವೆ. ಮರುದಿನ ನೀರು ಇನ್ನಷ್ಟು ಇಳಿದಾಗ ಹಿಂದಿನ ದಿನದ ಕೆಸರು ಒಣಗತೊಡಗುತ್ತದೆ. ಹಕ್ಕಿಗಳು ಹೊಸ ಅಂಚಿಗೆ ಸರಿಯುತ್ತವೆ. ನೀರು ನಿಧಾನವಾಗಿ ಇಳಿದರೆ ದಿನವೂ ಹೊಸ ಊಟ. ಒಮ್ಮೆಲೇ ಇಳಿದರೆ ನೆಲ ಬಿರುಕುಬಿಟ್ಟು ಗಟ್ಟಿಯಾಗುತ್ತದೆ, ಕೊಕ್ಕು ಇಳಿಯುವುದಿಲ್ಲ. ಚಿಕ್ಲಿಹೊಳೆಯ ಸಣ್ಣ ಜಲಾಶಯಕ್ಕೂ, ಹುಲ್ಲು ಬೆಳೆದ ಹಿನ್ನೀರಿನ ಮೂಲೆಗಳಿಗೂ ಇದೇ ನಿಯಮ.

ಪಶ್ಚಿಮಕ್ಕೆ ಏರಿದಂತೆ ದೃಶ್ಯ ಬದಲಾಗುತ್ತದೆ. ಕುಶಾಲನಗರ ಸಮುದ್ರಮಟ್ಟದಿಂದ ಸುಮಾರು 830 ಮೀಟರ್ ಎತ್ತರದಲ್ಲಿದ್ದರೆ ಮಡಿಕೇರಿ 1,150 ಮೀಟರಿನ ಆಸುಪಾಸಿನಲ್ಲಿದೆ. ನಡುವೆ ಗುಡ್ಡಗಳ ಮೇಲೆ ಕಾಫಿ ತೋಟ, ಗುಡ್ಡಗಳ ಸಂದಿನ ತಗ್ಗಿನಲ್ಲಿ ಗದ್ದೆ. ನಾಪೋಕ್ಲು, ಮೂರ್ನಾಡು ಕಡೆಯ ಗದ್ದೆಬಯಲುಗಳು ಕಾವೇರಿಯ ಬದಿಗಿವೆ. ದಕ್ಷಿಣದಲ್ಲಿ ಪೊನ್ನಂಪೇಟೆ, ಕಾನೂರು, ಬಾಳೆಲೆ ಕಡೆಯ ಗದ್ದೆಗಳು ಲಕ್ಷ್ಮಣತೀರ್ಥದ ಬದಿಗಿವೆ. ಇಲ್ಲಿ ಹೆಚ್ಚಾಗಿ ವರ್ಷಕ್ಕೆ ಒಂದೇ ಬೆಳೆ. ಸುಗ್ಗಿಯ ಹಬ್ಬವಾದ ಪುತ್ತರಿ ಕಳೆದು ಕೊಯ್ಲು ಮುಗಿದ ಮೇಲೆ ಗದ್ದೆಗಳು ಮುಂದಿನ ಮಳೆಗಾಲದವರೆಗೆ ಬಹುಮಟ್ಟಿಗೆ ಖಾಲಿ. ಆದರೂ ಗುಡ್ಡದ ಬುಡದಲ್ಲಿ ನೀರು ಜಿನುಗುವ ಗದ್ದೆಗಳು ಮಾರ್ಚಿನಲ್ಲೂ ಹಸಿಯಾಗಿಯೇ ಇರುತ್ತವೆ. ದನಗಳು ತುಳಿದ ಗೊರಸಿನ ಗುಳಿಗಳಲ್ಲಿ ನೀರು ನಿಂತಿರುತ್ತದೆ. ಇಂಥ ಒಂದು ಗುಳಿಯನ್ನು ಬಗ್ಗಿ ನೋಡಿದರೆ ತಳದಲ್ಲಿ ನೊರಜಿನ ಮರಿಗಳು ಬಳುಕುತ್ತಿರುವುದು ಬರಿಗಣ್ಣಿಗೇ ಕಾಣುತ್ತದೆ. ಹೀಗೆ ದನದ ಗೊರಸೂ ಹಕ್ಕಿಗೆ ಊಟದ ತಟ್ಟೆ ಮಾಡಿಕೊಡುತ್ತದೆ. ಪಾಳು ಬಿದ್ದು ಹುಲ್ಲು ಎದೆಮಟ್ಟ ಬೆಳೆದ ಗದ್ದೆಗಿಂತ ದನ ಮೇಯ್ದ ಗದ್ದೆಯಲ್ಲೇ ಗದ್ದೆಗೊರವಗಳು ಹೆಚ್ಚಾಗಿ ಸಿಗುವುದಕ್ಕೆ ಕಾರಣ ಇದು.

ಆಮೇಲೆ ಹೂಮಳೆ. ಕಾಫಿ ಬೆಳೆಗಾರರು ಎದುರು ನೋಡುವ ಮಾರ್ಚ್ ಏಪ್ರಿಲ್ ತಿಂಗಳ ಈ ಮಳೆ ಗದ್ದೆಗಳಲ್ಲಿ ಮತ್ತೆ ಒಂದಿಷ್ಟು ನೀರು ನಿಲ್ಲಿಸುತ್ತದೆ. ನೀರಂಚಿನ ಹಕ್ಕಿಗಳೂ ಬಾತುಗಳೂ ಹೆಚ್ಚಾಗಿ ರಾತ್ರಿಯ ಹೊತ್ತು ಪಯಣಿಸುತ್ತವೆ. ಸಂಜೆ ಗುಡುಗು ಮಳೆ ಎದುರಾದರೆ ಅವು ಸಿಕ್ಕಿದ ಕಡೆ ಇಳಿಯುವುದುಂಟು. ಹಿಂದಿನ ಸಂಜೆ ಜೋರು ಮಳೆಯಾದ ಮರುದಿನದ ಬೆಳಗ್ಗೆಯನ್ನು ಹಕ್ಕಿ ನೋಡುವವರು ತಪ್ಪಿಸಿಕೊಳ್ಳಬಾರದು.

ತೋಟದ ಕೆರೆಗಳ ಬಗ್ಗೆ ಒಂದು ಮಾತು. ಹೂಮಳೆ ತಡವಾದಾಗ ರೊಬಸ್ಟಾ ತೋಟಗಳಿಗೆ ಸ್ಪ್ರಿಂಕ್ಲರಿನಿಂದ ನೀರು ಹಾಯಿಸುತ್ತಾರೆ. ಫೆಬ್ರವರಿ ಮಾರ್ಚಿನಲ್ಲಿ ಮೋಟರು ಇಟ್ಟು ಎತ್ತುವ ನೀರು ಬರುವುದು ಈ ಕೆರೆಗಳಿಂದ ಮತ್ತು ಹೊಳೆ ತೋಡುಗಳಿಂದ. ಇಳಿಜಾರಾದ ಮಣ್ಣಿನ ದಂಡೆಯಿರುವ ಹಳೆಯ ಕೆರೆಯಲ್ಲಿ ನೀರು ಇಳಿದಂತೆ ಕೆಸರಿನ ಅಂಚು ತೆರೆದುಕೊಂಡು ಕೆಲವು ದಿನ ಹಕ್ಕಿಗಳಿಗೆ ಅನುಕೂಲವೇ ಆಗುತ್ತದೆ. ಜೆಸಿಬಿಯಿಂದ ನೇರವಾಗಿ ಅಗೆದ ಕೆರೆಗೆ ಅಂಥ ಅಂಚೇ ಇರುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡದಲ್ಲಿ ನೀರಿದ್ದರೂ ಕೆಸರಿಲ್ಲ, ಕೆಸರಿಲ್ಲದಿದ್ದರೆ ಹುಳುವಿಲ್ಲ. ಕೆರೆ ಹೊಸದಾಗಿ ತೆಗೆಸುವವರು ಒಂದು ಬದಿಯನ್ನಾದರೂ ಓರೆಯಾಗಿ ಬಿಟ್ಟರೆ ಬೆಳೆಗಾರನಿಗೆ ನಷ್ಟವಿಲ್ಲ. ದನಕರುಗಳೂ ಸುಲಭವಾಗಿ ಇಳಿದು ಹತ್ತುತ್ತವೆ.

ಯಾರು ಯಾರೆಂದು ಗುರುತಿಸುವುದು

ಕೊಡಗಿನ ಗದ್ದೆ ಹೊಳೆಗಳಲ್ಲಿ ಮೊದಲು ಕಲಿಯಬೇಕಾದುದು ಮೂರು ಗದ್ದೆಗೊರವಗಳನ್ನು. ಮೇಲುನೋಟಕ್ಕೆ ಮೂರೂ ಕಂದು ಬೆನ್ನಿನ, ಬಿಳಿ ಹೊಟ್ಟೆಯ, ನೀಳ ಕೊಕ್ಕಿನ ಹಕ್ಕಿಗಳು. ಸ್ವಭಾವದಲ್ಲಿ ಮೂರೂ ಬೇರೆ. ಸಾಮಾನ್ಯ ಗದ್ದೆಗೊರವ ಹೊಳೆಯ ಬಂಡೆಗಳ ಮೇಲೆ, ಕೆರೆಯ ಕಲ್ಲುಕಟ್ಟೆಯ ಮೇಲೆ ಒಂಟಿಯಾಗಿ ಇರುತ್ತದೆ. ನಿಂತಲ್ಲೇ ಹಿಂಭಾಗವನ್ನು ಎಡೆಬಿಡದೆ ಮೇಲೆ ಕೆಳಗೆ ತೂಗುತ್ತದೆ. ಎದೆಯ ಕಂದುಬಣ್ಣಕ್ಕೂ ಮಡಿಚಿದ ರೆಕ್ಕೆಗೂ ನಡುವೆ ಬಿಳಿಯ ಬಣ್ಣ ಭುಜದತ್ತ ಮೇಲೇರಿರುವುದು ಅದರ ಖಚಿತ ಗುರುತು. ಹಾರುವಾಗ ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆಗಳನ್ನು ಬಾಗಿಸಿ ಹಿಡಿದು, ಸಣ್ಣ ಸಣ್ಣ ಬಡಿತಗಳಲ್ಲಿ ಸಾಗುತ್ತದೆ. ಹಸಿರು ಗದ್ದೆಗೊರವದ ಬೆನ್ನು ಬಹಳ ಕಪ್ಪು; ಮುಚ್ಚಿದ ತೋಡು, ಮರದ ನೆರಳಿನ ಹೊಂಡಗಳೂ ಅದಕ್ಕೆ ಆಗುತ್ತವೆ. ಬೆದರಿ ಎದ್ದಾಗ ಅಚ್ಚಬಿಳಿಯ ಸೊಂಟ ಮಿಂಚಿದಂತೆ ಕಾಣುತ್ತದೆ, ರೆಕ್ಕೆಯ ಒಳಭಾಗ ಕಪ್ಪಾಗಿರುತ್ತದೆ. ಉತ್ತರದ ಕಾಡುಗಳಲ್ಲಿ ಇದು ನೆಲದ ಮೇಲೆ ಗೂಡು ಮಾಡುವುದಿಲ್ಲ. ಮರದ ಮೇಲೆ ಬೇರೆ ಹಕ್ಕಿಗಳು ಬಿಟ್ಟುಹೋದ ಹಳೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ನೀರಂಚಿನಲ್ಲಿ ಬದುಕುವ ಹಕ್ಕಿಗೆ ಇದು ಅಪರೂಪದ ಅಭ್ಯಾಸ.

ಮೂರನೆಯದು ಅಡವಿ ಗದ್ದೆಗೊರವ. ಹೆಸರಿನಲ್ಲಿ ಅಡವಿ ಇದ್ದರೂ ಇಲ್ಲಿ ಅದು ಬಯಲು ಗದ್ದೆಗಳ ಹಕ್ಕಿ, ಒಮ್ಮೊಮ್ಮೆ ಸಣ್ಣ ಗುಂಪುಗಳಲ್ಲಿ ಕಾಣುವ ಹಕ್ಕಿ. ಬೆನ್ನ ತುಂಬ ಬಿಳಿ ಚುಕ್ಕೆಗಳು, ಕಣ್ಣಿನ ಮೇಲೆ ಸ್ಪಷ್ಟವಾದ ಬಿಳಿ ಹುಬ್ಬು, ಹಳದಿ ಮಿಶ್ರಿತ ಉದ್ದನೆಯ ಕಾಲು, ತಿಳಿಬಣ್ಣದ ಒಳರೆಕ್ಕೆ. ಸುಮಾರು 60 ಗ್ರಾಂ ತೂಗುವ ಈ ಹಕ್ಕಿ ಮರಿ ಮಾಡುವುದು ಸ್ಕ್ಯಾಂಡಿನೇವಿಯದಿಂದ ರಷ್ಯದ ಪೂರ್ವ ತುದಿಯವರೆಗಿನ ಚಳಿನಾಡಿನ ಜೌಗುಗಳಲ್ಲಿ. ಏಪ್ರಿಲ್ ಹೊತ್ತಿಗೆ ಅದರ ಬೆನ್ನಿನ ಚುಕ್ಕೆಗಳು ಚಳಿಗಾಲಕ್ಕಿಂತ ದಟ್ಟವಾಗಿ, ಕಪ್ಪು ಬಿಳುಪಿನ ಅಂತರ ಎದ್ದು ಕಾಣುವಂತಾಗುತ್ತದೆ.

ಈ ಉಡುಗೆ ಬದಲಾವಣೆ ವಸಂತದಲ್ಲಿ ಮಾತ್ರ ಸಿಗುವ ನೋಟ. ಚಳಿಗಾಲದಲ್ಲಿ ಬಣ್ಣಗೆಟ್ಟಂತಿದ್ದ ಹಕ್ಕಿಗಳು ಹೊರಡುವ ಮುನ್ನ ಹೊಸ ಗರಿ ತೊಡುತ್ತವೆ. ಕೊಡಗಿನವರಿಗೆ ಇದನ್ನು ನೋಡಲು ದೂರ ಹೋಗಬೇಕಾಗಿಲ್ಲ. ತೋಟದ ತೋಡಿನ ಬದಿಯಲ್ಲಿ, ರಸ್ತೆಯ ಮೋರಿಯ ಪಕ್ಕದಲ್ಲಿ ಬಾಲ ಕುಣಿಸುತ್ತ ಓಡಾಡುವ ಬೂದು ಸಿಪಿಲೆಯನ್ನು ಮಾರ್ಚಿನಿಂದ ದಿನವೂ ಗಮನಿಸಿದರೆ ಸಾಕು. ಸೆಪ್ಟೆಂಬರಿನಲ್ಲಿ ಬಂದಾಗ ಅದರ ಗಂಟಲು ಬೆಳ್ಳಗಿರುತ್ತದೆ. ವಸಂತದಲ್ಲಿ ಗಂಡಿನ ಗಂಟಲಿನಲ್ಲಿ ಮೊದಲು ಮಸಿ ಚೆಲ್ಲಿದಂಥ ಕಲೆಗಳು ಮೂಡುತ್ತವೆ, ಬರಬರುತ್ತ ಕಲೆಗಳು ಕೂಡಿಕೊಂಡು ಪೂರ್ತಿ ಕಪ್ಪಾಗುತ್ತದೆ. ಕೆಳಹೊಟ್ಟೆಯ ಹಳದಿ ಎದೆಯವರೆಗೆ ಏರುತ್ತದೆ. ಗಂಟಲು ಕಪ್ಪಾಯಿತೆಂದರೆ ಆ ಹಕ್ಕಿ ಹೆಚ್ಚು ದಿನ ಇಲ್ಲಿರುವುದಿಲ್ಲ. ಇಷ್ಟು ಸಣ್ಣ ಬದಲಾವಣೆಯನ್ನು ಮನೆಯಂಗಳದಲ್ಲೇ ನಿಂತು ನೋಡಬಹುದೆಂಬುದು ನನ್ನ ಮಟ್ಟಿಗೆ ಕೊಡಗಿನ ವಸಂತ ಕೊಡುವ ದೊಡ್ಡ ಉಡುಗೊರೆ.

ಉಲ್ಲಂಕಿಯನ್ನು (ಸ್ನೈಪ್) ನೋಡುವುದಕ್ಕೆ ತಾಳ್ಮೆ ಬೇಕು. ಒಣಹುಲ್ಲಿನ ಬಣ್ಣದ ಗೆರೆಗಳಿರುವ ಅದು ಗದ್ದೆಯ ಹುಲ್ಲಿನಲ್ಲಿ ಕುಳಿತರೆ ಹತ್ತು ಹೆಜ್ಜೆ ಹತ್ತಿರವಿದ್ದರೂ ಕಾಣುವುದಿಲ್ಲ. ಅದರ ಕೊಕ್ಕಿನ ತುದಿ ಸೂಕ್ಷ್ಮ ನರಗಳಿಂದ ತುಂಬಿದೆ. ಕೆಸರಿನೊಳಗೆ ಪೂರ್ತಿ ಇಳಿಸಿದ ಮೇಲೆ ಕೊಕ್ಕಿನ ತುದಿಯನ್ನಷ್ಟೇ ತೆರೆದು ಹುಳುವನ್ನು ಹಿಡಿಯಬಲ್ಲದು. ಕಣ್ಣುಗಳು ತಲೆಯ ಬಹಳ ಹಿಂದಕ್ಕೆ ಇರುವುದರಿಂದ ಕೊಕ್ಕು ಕೆಸರಿನಲ್ಲಿದ್ದಾಗಲೂ ಮೇಲಿನಿಂದ ಬರುವ ಅಪಾಯ ಅದಕ್ಕೆ ಕಾಣುತ್ತದೆ. ಇವುಗಳ ಜೊತೆಗೆ ಹಿನ್ನೀರಿನಲ್ಲಿ ಬಿಳಿಹುಬ್ಬಿನ ಬಾತು, ಕತ್ತಿನಲ್ಲಿ ಕಪ್ಪುಪಟ್ಟಿಯಿರುವ ಲಿಟಲ್ ರಿಂಗ್ಡ್ ಪ್ಲವರ್, ಗ್ರೀನ್‌ಶ್ಯಾಂಕ್, ಹುಲ್ಲಿನ ಮೇಲೆ ತಗ್ಗಾಗಿ ತೇಲುವ ಬೇಟೆಹಕ್ಕಿ ಜೌಗು ಸೆಳೆವ, ಮೀನು ಹಿಡಿಯುವ ಆಸ್ಪ್ರೆ, ತಂತಿಗಳ ಮೇಲೆ ಸಾಲಾಗಿ ಕೂರುವ ಕವಲುತೋಕೆಗಳನ್ನು ಹುಡುಕಬಹುದು. ಬಾತುಗಳು ಬೇಗ ಹೊರಡುತ್ತವೆ, ಮಾರ್ಚ್ ಮುಗಿಯುವ ಹೊತ್ತಿಗೆ ಬಹುಪಾಲು ಖಾಲಿ. ಗದ್ದೆಗೊರವಗಳು ಏಪ್ರಿಲ್ ಪೂರ್ತಿ ಸಿಗುತ್ತವೆ, ಕವಲುತೋಕೆಗಳು ಕೆಲವೊಮ್ಮೆ ಮೇ ತಿಂಗಳಲ್ಲೂ.

ಎಣಿಕೆಗೆ ಸಿಗದವು, ಕಾನೂನಿಗೂ ಸಿಗದವು

ಒಂದು ಗದ್ದೆಬಯಲಿನಲ್ಲಿ ದಿನವೂ ಹತ್ತು ಅಡವಿ ಗದ್ದೆಗೊರವಗಳು ಕಾಣುತ್ತವೆ ಎಂದಿಟ್ಟುಕೊಳ್ಳೋಣ. ತಿಂಗಳಿಡೀ ಹತ್ತೇ ಇದ್ದವೆಂದು ನಾವು ಬರೆದುಕೊಳ್ಳುತ್ತೇವೆ. ಆದರೆ ಪ್ರತಿಯೊಂದು ಹಕ್ಕಿಯೂ ಸರಾಸರಿ ಐದು ದಿನ ತಂಗಿ ಹೋಗುವುದಾದರೆ, ಮೂವತ್ತು ದಿನಗಳಲ್ಲಿ ಆ ಬಯಲನ್ನು ಬಳಸಿಕೊಂಡ ಹಕ್ಕಿಗಳು ಹತ್ತಲ್ಲ, ಅರವತ್ತು. ತಂಗುದಾಣದ ಬೆಲೆಯನ್ನು ಒಂದು ದಿನದ ಎಣಿಕೆಯಿಂದ ಅಳೆದರೆ ಯಾವಾಗಲೂ ಕಡಿಮೆಯೇ ಸಿಗುತ್ತದೆ. ಇಂಥ ಸಣ್ಣ ಸಣ್ಣ ಬಯಲುಗಳು ಜಿಲ್ಲೆಯ ತುಂಬ ಹರಡಿರುವಾಗ ಒಟ್ಟು ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ಏಷ್ಯಾದ ನೀರಹಕ್ಕಿಗಳ ಗಣತಿ 1987ರಿಂದ ನಡೆಯುತ್ತಿದೆ, ಅದರ ಕೊಡುಗೆ ಬಹಳ ದೊಡ್ಡದು. ಆದರೆ ಅದು ನಡೆಯುವುದು ಜನವರಿಯಲ್ಲಿ. ಏಪ್ರಿಲಿನಲ್ಲಿ ಹಾದುಹೋಗುವ ಹಕ್ಕಿಗಳು ಆ ಲೆಕ್ಕದಲ್ಲಿ ಸೇರುವುದಿಲ್ಲ.

ಕಾನೂನಿನ ಸಂಗತಿ ಇನ್ನೂ ಗಂಭೀರವಾದುದು. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್ ಪಟ್ಟಣದಲ್ಲಿ ಸಹಿಯಾದ ಒಪ್ಪಂದ ಜೌಗುನೆಲವನ್ನು ಬಹಳ ವಿಶಾಲವಾಗಿ ವ್ಯಾಖ್ಯಾನಿಸುತ್ತದೆ: ಸಹಜವಾದುದಿರಲಿ, ಮನುಷ್ಯ ಮಾಡಿದ್ದಿರಲಿ, ಶಾಶ್ವತವಾಗಿರಲಿ, ತಾತ್ಕಾಲಿಕವಾಗಿರಲಿ, ಎಲ್ಲವೂ ಅದರೊಳಗೆ ಬರುತ್ತವೆ. 2008ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವನ್‌ನಲ್ಲಿ ನಡೆದ ಆ ಒಪ್ಪಂದದ ಸಮಾವೇಶ ಭತ್ತದ ಗದ್ದೆಗಳ ಜೀವವೈವಿಧ್ಯದ ಬಗ್ಗೆಯೇ ಪ್ರತ್ಯೇಕ ನಿರ್ಣಯ ಮಾಡಿತು. ಆದರೆ ನಮ್ಮ ದೇಶದ 2017ರ ಜೌಗುಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳು ನದಿಪಾತ್ರಗಳನ್ನು, ಭತ್ತದ ಗದ್ದೆಗಳನ್ನು, ಕುಡಿಯುವ ನೀರಿಗಾಗಿ ಕಟ್ಟಿದ ಜಲಾಶಯಗಳನ್ನು, ನೀರಾವರಿಗಾಗಿಯೇ ಮಾಡಿದ ರಚನೆಗಳನ್ನು ವ್ಯಾಖ್ಯಾನದಿಂದ ಹೊರಗಿಟ್ಟಿವೆ. ಕೊಡಗಿನ ಪಟ್ಟಿಯೊಡನೆ ಇದನ್ನು ಹೋಲಿಸಿ ನೋಡಬೇಕು. ಕಾವೇರಿಯ ಬಂಡೆಗಳು ನದಿಪಾತ್ರ. ನಾಪೋಕ್ಲು ಬಾಳೆಲೆಗಳ ಬಯಲು ಭತ್ತದ ಗದ್ದೆ. ಹಾರಂಗಿ, ಚಿಕ್ಲಿಹೊಳೆ ನೀರಾವರಿಯ ಜಲಾಶಯಗಳು. ತೋಟದ ಕೆರೆಗಳೂ ನೀರಾವರಿಗೆ ತೆಗೆದವು. ನಾಗರಹೊಳೆಯ ಹಡ್ಲುಗಳಿಗೆ ಅರಣ್ಯದ ಕಾನೂನಿನ ರಕ್ಷಣೆ ಇದೆ. ಅವನ್ನು ಬಿಟ್ಟರೆ, ವಲಸೆ ಹಕ್ಕಿಗಳು ಇಳಿಯುವ ನೆಲದಲ್ಲಿ ಬಹುಪಾಲು ಈ ನಿಯಮಗಳ ದೃಷ್ಟಿಯಲ್ಲಿ ಜೌಗುನೆಲವೇ ಅಲ್ಲ. ಹಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷೆ ಇದೆ. ಅದು ನಿಲ್ಲುವ ಕೆಸರಿಗೆ ಇಲ್ಲ.

ಗದ್ದೆ ಉಳಿಯುವುದು ಬಿಡುವುದು ಈಗ ರೈತನ ಆದಾಯದ ಲೆಕ್ಕಾಚಾರಕ್ಕೆ ಬಿಟ್ಟ ವಿಷಯವಾಗಿದೆ. ಆಳುಗಳ ಕೊರತೆ, ಕಾಡಾನೆಗಳ ಹಾವಳಿ, ಭತ್ತದಿಂದ ಕೈಗೆ ಬರುವ ಹಣದ ಅಲ್ಪತನ, ಇವುಗಳಿಂದ ಬೇಸತ್ತು ಗದ್ದೆಯನ್ನು ಪಾಳು ಬಿಟ್ಟವರಿದ್ದಾರೆ, ಅಡಿಕೆ ಕಾಫಿ ಹಾಕಿದವರಿದ್ದಾರೆ, ಶುಂಠಿಗೆ ಗುತ್ತಿಗೆ ಕೊಟ್ಟವರಿದ್ದಾರೆ, ಮಣ್ಣು ತುಂಬಿಸಿ ನಿವೇಶನ ಮಾಡಿದವರಿದ್ದಾರೆ. ಅವರನ್ನು ದೂರುವುದು ನ್ಯಾಯವಲ್ಲ. ಸಾಲದ ಕಂತು ಕಟ್ಟಬೇಕಾದವನಿಗೆ ಸೈಬೀರಿಯಕ್ಕೆ ಹೋಗುವ ಹಕ್ಕಿಯ ಹೆಸರಿನಲ್ಲಿ ಭತ್ತ ಬೆಳೆಯೆಂದು ಹೇಳಲಾಗದು. ಆದರೆ ಗದ್ದೆ ಮಳೆಯ ನೀರನ್ನು ಹಿಡಿದು ನೆಲಕ್ಕೆ ಇಂಗಿಸುತ್ತದೆ, ಪ್ರವಾಹದ ವೇಗವನ್ನು ತಗ್ಗಿಸುತ್ತದೆ, ಕಾವೇರಿಯನ್ನು ನಂಬಿದ ಕೆಳಗಿನ ಊರುಗಳಿಗೂ ಅದರ ಪ್ರಯೋಜನ ಸಲ್ಲುತ್ತದೆ. ಈ ಸೇವೆಗೆ ಬೆಲೆ ಕಟ್ಟಿ ಗದ್ದೆ ಉಳಿಸಿಕೊಂಡವರಿಗೆ ಹಣ ಸಲ್ಲುವಂತಾದರೆ, ಹಕ್ಕಿಗಳ ತಂಗುದಾಣವೂ ಅದರೊಡನೆ ಉಳಿಯುತ್ತದೆ. ನನಗೆ ಕಾಣುವ ನೇರವಾದ ದಾರಿ ಇದು. 942 ಜಾತಿಗಳನ್ನು ಪರಿಶೀಲಿಸಿದ 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, ದೂರದಿಂದ ವಲಸೆ ಬರುವ ಹಕ್ಕಿಗಳು ಇಲ್ಲಿಯೇ ನೆಲೆಸಿದ ಹಕ್ಕಿಗಳಿಗಿಂತ ಹೆಚ್ಚು ಇಳಿಮುಖವಾಗಿವೆ ಎಂದು ತೋರಿಸಿರುವಾಗ ಈ ಮಾತಿಗೆ ಅವಸರವೂ ಇದೆ.

ನೋಡುವಾಗ

ನೋಡಲು ಹೋಗುವವರಿಗೆ ಹೆಚ್ಚಿನ ಸಾಮಾನು ಬೇಡ. 8x42 ಬೈನಾಕ್ಯುಲರ್, ಒಂದು ನೋಟುಪುಸ್ತಕ, ಮಣ್ಣಿನ ಬಣ್ಣದ ಬಟ್ಟೆ ಸಾಕು. ಬೆಳಗಿನ ಮೊದಲ ಎರಡು ಗಂಟೆ ಒಳ್ಳೆಯದು. ಸೂರ್ಯ ಬೆನ್ನ ಹಿಂದೆ ಇರುವಂತೆ ನಿಂತರೆ ಬಣ್ಣಗಳು ಸರಿಯಾಗಿ ಕಾಣುತ್ತವೆ. ಗದ್ದೆ ಯಾರದೋ ಅವರನ್ನು ಕೇಳಿಯೇ ಇಳಿಯಬೇಕು, ಬದುವಿನ ಮೇಲೆಯೇ ನಡೆಯಬೇಕು. ಕಾಡಂಚಿನ ಹಿನ್ನೀರಿಗೆ ಬೇಸಿಗೆಯ ಸಂಜೆಗಳಲ್ಲಿ ಆನೆಗಳು ನೀರಿಗೆ ಇಳಿಯುತ್ತವೆ. ಊರಿನವರ ಮಾತು ಕೇಳದೆ ಅಲ್ಲಿಗೆ ಒಬ್ಬರೇ ಹೋಗುವುದು ಸಲ್ಲದು. ಅರಣ್ಯ ಇಲಾಖೆಯ ಜಾಗವಾದರೆ ಅನುಮತಿ ಬೇಕು.

ದೂರ ಕಾಯ್ದುಕೊಳ್ಳುವುದು ಇಲ್ಲಿ ಬರೀ ಶಿಷ್ಟಾಚಾರದ ವಿಷಯವಲ್ಲ. ಮೇಯುತ್ತಿರುವ ಹಕ್ಕಿ ತಲೆಯೆತ್ತಿ ಮೈ ನೀಳಮಾಡಿ ನಿಂತಿತೆಂದರೆ ನಾವು ಅತಿ ಹತ್ತಿರ ಬಂದಿದ್ದೇವೆ ಎಂದರ್ಥ, ಅಲ್ಲಿಯೇ ಕುಳಿತುಬಿಡಬೇಕು. ಹಾರಾಟವೇ ಹಕ್ಕಿಯ ಅತ್ಯಂತ ದುಬಾರಿ ಕೆಲಸ. ಫೋಟೋಕ್ಕಾಗಿ ಅದನ್ನು ಬಯಲಿನ ಒಂದು ತುದಿಯಿಂದ ಇನ್ನೊಂದಕ್ಕೆ ಎಬ್ಬಿಸಿದಷ್ಟೂ ಅದು ಕೂಡಿಟ್ಟ ಕೊಬ್ಬು ಕರಗುತ್ತದೆ, ಮೇಯುವ ಹೊತ್ತೂ ಹೋಗುತ್ತದೆ. ನಾಯಿಯನ್ನು ಜೊತೆಗೆ ಕರೆದೊಯ್ಯುವುದೂ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ.

ಕಂಡದ್ದನ್ನು ಬರೆದಿಡುವುದರಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ಹಕ್ಕಿ ಬಂದ ದಿನ ಎಲ್ಲರಿಗೂ ನೆನಪಿರುತ್ತದೆ. ಭಾರತದಲ್ಲಿ ಇಂಥ ದಿನಾಂಕಗಳನ್ನು ಜನರಿಂದ ಸಂಗ್ರಹಿಸುವ ಮೈಗ್ರಂಟ್‌ವಾಚ್ ಯೋಜನೆ 2007ರಲ್ಲಿ ಆರಂಭವಾಯಿತು, ಇಂದು ಆ ಕೆಲಸಕ್ಕೆ 2002ರಲ್ಲಿ ಶುರುವಾದ ಇ-ಬರ್ಡ್ ಜಾಲತಾಣ ಬಳಕೆಯಲ್ಲಿದೆ. ಕೊನೆಯ ಹಕ್ಕಿ ಹೋದ ದಿನವನ್ನು ಹಿಡಿಯುವುದು ಅಷ್ಟು ಸುಲಭವಲ್ಲ, ಏಕೆಂದರೆ ಅದು ಕೊನೆಯದೆಂದು ನೋಡಿದ ದಿನ ಗೊತ್ತಾಗುವುದಿಲ್ಲ. ಆದ್ದರಿಂದ ಏಪ್ರಿಲಿನಲ್ಲಿ ಒಂದೇ ಗದ್ದೆಗೆ ಅಥವಾ ಒಂದೇ ಕೆರೆಗೆ ಮತ್ತೆ ಮತ್ತೆ ಹೋಗಿ, ಕಂಡ ಎಲ್ಲ ಜಾತಿಗಳನ್ನೂ ಬರೆದು, ಏನೂ ಕಾಣದ ದಿನ ಏನೂ ಕಾಣಲಿಲ್ಲವೆಂದೇ ಬರೆಯಬೇಕು. ಜೊತೆಗೆ ನೀರು ಎಲ್ಲಿಯವರೆಗೆ ಇತ್ತು, ಹಿಂದಿನ ಸಂಜೆ ಮಳೆಯಾಗಿತ್ತೇ, ಗದ್ದೆಯಲ್ಲಿ ದನ ಮೇಯುತ್ತಿದ್ದವೇ, ಪಕ್ಕದ ಗದ್ದೆಗೆ ಮಣ್ಣು ಬಿದ್ದಿದೆಯೇ ಎಂಬುದನ್ನೂ ಸೇರಿಸಬೇಕು. ಹತ್ತಾರು ಊರುಗಳಿಂದ ಕೆಲವು ವರ್ಷ ಇಂಥ ಪಟ್ಟಿಗಳು ಸೇರಿದರೆ, ಯಾವ ಬಯಲು ಎಷ್ಟು ಹಕ್ಕಿಗಳಿಗೆ ತಂಗುದಾಣವಾಗಿದೆ ಎಂಬುದನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮುಂದೆ ದಾಖಲೆಯೊಡನೆ ಇಡಬಹುದು. ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಆ ಗದ್ದೆಯ ಹೆಸರನ್ನು ಸೇರಿಸಿ ಎಂದು ಕೇಳಬಹುದು.